ಹೊಳೆ ಉಳಿಸುವ ಕೆಲಸಕ್ಕೆ ಜನ ಯಾಕೆ ಬರುತ್ತಾರೆ, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ

ಹರಿಹರ, ಹೊನ್ನಾಳಿ ಕಡೆ ‘ಪರಿಸರ ಸಂರಕ್ಷಣಾ ಸಭೆ’ ಎಂದು ಕರಪತ್ರ ಹಂಚಿದರೆ ಹತ್ತು ಜನ ಸೇರುವುದು ಕಷ್ಟ. ‘ಕುಡಿಯುವ ನೀರು ಎತ್ತೋ ಕಡೆ ಮೋರಿ ನೀರು ಸೇರ್ತಿದೆ, ನಾಳೆ ನೋಡಿ ಬರೋಣ’ ಎಂದರೆ ಓಣಿಯೇ ಎದ್ದು ಬರುತ್ತದೆ. ಮನುಷ್ಯನನ್ನು ಹೊಳೆ ದಂಡೆಗೆ ಎಳೆದು ತರುವುದು ತನ್ನದೊಂದು ಕೈತಪ್ಪಿತು ಎಂಬ ಸಂಕಟ. 1980ರ ದಶಕದಲ್ಲಿ ಕುಮಾರಪಟ್ಟಣದ ಕಾರ್ಖಾನೆ ನೀರಿನ ವಿರುದ್ಧ ತುಂಗಭದ್ರೆಯ ದಂಡೆಯ ಊರುಗಳು ಎದ್ದು ನಿಂತದ್ದೂ ಸತ್ತು ತೇಲಿದ ಮೀನು ಕಂಡ ಮೇಲೆಯೇ.

ಆದ್ದರಿಂದ ಸಭೆಗೆ ಮುಂಚೆ ಒಂದು ವಾರ ಓಡಾಡಿ. ಇಪ್ಪತ್ತೈದು ಜನರನ್ನು ಒಂದೇ ಪ್ರಶ್ನೆ ಕೇಳಿ: ‘ಮೊದಲು ಹೊಳೇಲಿ ಏನು ಮಾಡ್ತಿದ್ರಿ, ಈಗ ಯಾಕೆ ಮಾಡಲ್ಲ?’ ಬಲೆ ಬೀಸುವವರು, ಬಟ್ಟೆ ಒಗೆಯುವವರು, ಪಂಪ್‌ಸೆಟ್ ಇಟ್ಟ ರೈತರು, ಅಮಾವಾಸ್ಯೆ ಸ್ನಾನಕ್ಕೆ ಬರುವ ಹೆಂಗಸರು, ಒಬ್ಬೊಬ್ಬರ ಉತ್ತರವೂ ಬೇರೆ. ಅವರ ಮಾತಲ್ಲೇ ಬರೆದುಕೊಳ್ಳಿ. ಕರಪತ್ರಕ್ಕೆ ಅದಕ್ಕಿಂತ ಒಳ್ಳೆಯ ಮಾತು ಸಿಗುವುದಿಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿ ನಡೆಯುವಾಗ ಸಭೆ ಇಡಬೇಡಿ.

ಹಿರಿಯೂರು ಕಡೆಯ ವೇದಾವತಿಯ ಲೆಕ್ಕ ಬೇರೆ. ಆ ಹೊಳೆಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ತುಂಬಿ ಹರಿಯುವ ಹೊಳೆಯನ್ನೇ ಕಾಣದವರಿಗೆ ಕಳೆದುಕೊಂಡ ಸಂಕಟ ಎಲ್ಲಿಂದ ಬಂದೀತು? ಅಲ್ಲಿ ಜನರನ್ನು ಕರೆಯುವುದು ನೀರು ಕಂಡ ಸಂತೋಷ. ಕೋಡಿ ಬಿದ್ದ ವಾರದಲ್ಲೇ ಹೆಸರು ಬರೆಸಿಕೊಳ್ಳಿ.

ಮರಳಿನ ವಿಷಯದಲ್ಲೇ ಹೆಚ್ಚು ಸಂಘಗಳು ಒಡೆಯುವುದು. ಮರಳು ನೀರನ್ನು ಹಿಡಿದಿಡುತ್ತದೆ. ಅದನ್ನು ಬಗೆದರೆ ಹೊಳೆಯ ತಳ ಇಳಿದು, ದಂಡೆಯ ಅಂತರ್ಜಲ ಆ ತಗ್ಗಿಗೆ ಬಸಿದು, ಪಕ್ಕದ ಬೋರ್‌ವೆಲ್ ಬತ್ತುತ್ತದೆ. ರೈತನನ್ನು ಕರೆತರುವುದು ಈ ತಿಳಿವಳಿಕೆ. ಆದರೆ ಮರಳು ತುಂಬುವ ಕೂಲಿಯವನೂ ಅದೇ ಊರಿನವನು, ಎಷ್ಟೋ ಸಲ ಅದೇ ರೈತನ ತಮ್ಮ. ‘ಮರಳುಗಳ್ಳರು’ ಎಂದು ಕೂಗಿದ ದಿನ ಅರ್ಧ ಊರು ಕೈಬಿಡುತ್ತದೆ. ‘ಪರವಾನಗಿ ಇದ್ದ ಜಾಗದಲ್ಲಿ, ಪರವಾನಗಿ ಇದ್ದಷ್ಟೇ ಆಳಕ್ಕೆ’ ಎಂದು ಕೇಳಿ. ರಾತ್ರಿ ಲಾರಿ ಅಡ್ಡಗಟ್ಟಲು ಹುಡುಗರನ್ನು ಖಂಡಿತ ಕಳಿಸಬೇಡಿ, ಜೀವಕ್ಕೆ ಅಪಾಯ. ಜಾಗ, ಹೊತ್ತು ಬರೆದು ತಹಶೀಲ್ದಾರರಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ದೂರು ಕೊಡಿ.

ಹೆಸರು ಕೊಟ್ಟವರಿಗೆ ಏಳು ದಿನದೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ಉತ್ಸಾಹ ಆರುತ್ತದೆ. ನೀರಿನ ಪರೀಕ್ಷೆ ಒಳ್ಳೆಯ ಮೊದಲ ಕೆಲಸ. ಮೋರಿ ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು, ಹೀಗೆ ಎರಡು ಮಾದರಿ ಬೇಕೇ ಬೇಕು. ಒಂದೇ ಇದ್ದರೆ ಕೊಳೆ ಎಲ್ಲಿಂದ ಬಂತೆಂದು ತೋರಿಸಲಾಗದು. ದಂಡೆಯ ನಿಂತ ನೀರು ಬೇಡ. ಹರಿವಿಗೆ ಎದುರಾಗಿ ನಿಂತು, ಒಂದಡಿ ಆಳದಿಂದ ತುಂಬಿ. ಕೋಲಿಫಾರ್ಮ್ (ಮಲದ ಕೊಳೆ ಸೇರಿದ್ದರ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಕ್ರಿಮಿಶುದ್ಧ ಬಾಟಲಿಯೇ ಆಗಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಬಿಸಿಲಲ್ಲಿ ಬೈಕಿನಲ್ಲಿ ಒಯ್ದ ನೀರಿನ ಫಲಿತಾಂಶ ನಂಬುವಂತಿಲ್ಲ. ಸ್ನಾನದ ನೀರಿಗೆ ಬಿಓಡಿ (ನೀರಲ್ಲಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಾರದು. ವರದಿಯನ್ನು ಅರಳಿಕಟ್ಟೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ. ತಾವೇ ತುಂಬಿಸಿದ ಬಾಟಲಿಯ ಅಂಕಿ ಕೇಳಿದವರು ಮುಂದಿನ ಸಲ ಕರೆಯದೆಯೂ ಬರುತ್ತಾರೆ.

ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎಷ್ಟೋ ಅರ್ಜಿ ತಿರಸ್ಕಾರವಾಗುವುದು ಇದನ್ನು ಮೀರುವುದರಿಂದಲೇ. ಕೊಳೆ ಮೊದಲು ಕಂಡ ದಿನಾಂಕವನ್ನು ಮಾತ್ರ ಮರೆಯದೆ ಬರೆದಿಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬೇಕಾಗಿ ಬಂದರೆ 6 ತಿಂಗಳ ಗಡುವನ್ನು ಆ ದಿನದಿಂದಲೇ ಎಣಿಸುತ್ತಾರೆ.