ಇಜಿಆರ್ ವಾಲ್ವ್ ಬದಲಿಸುವ ಮೊದಲು ವೈರ್ ನೋಡಿದೆ

ನನ್ನದು ಬಿಎಸ್-4 ಡೀಸೆಲ್ ಕಾರು. ಹೋದ ಬೇಸಿಗೆಯಲ್ಲಿ ವಿಜಯಪುರದಿಂದ ಬಾಗಲಕೋಟೆಗೆ ಬರುವಾಗ, ಕೊಲ್ಹಾರದ ಕೃಷ್ಣಾ ಸೇತುವೆ ದಾಟಿದ ಮೇಲೆ ಇಂಜಿನ್ ಲೈಟ್ ಹತ್ತಿತು, ಪಿಕಪ್ ಪೂರ್ತಿ ಇಳಿದು ಹೋಯಿತು, ಮುಂದಿದ್ದ ಲಾರಿ ಓವರ್‌ಟೇಕ್ ಮಾಡೋಕೂ ಧೈರ್ಯ ಬರಲಿಲ್ಲ. ಗ್ಯಾರೇಜಿನ ಹುಡುಗ ಸ್ಕ್ಯಾನರ್ ಹಾಕಿದ. ಪಿ0405 ಅಂತ ದೋಷದ ಕೋಡ್ ಬಂತು. "ಇಜಿಆರ್ ಹೋಗೈತ್ರಿ ಸರ, ಪೂರಾ ವಾಲ್ವ್ ಬದಲಿ ಮಾಡ್ಬೇಕ್ರಿ" ಅಂದ. ಅದು 15 ಸಾವಿರದ ಮಾತು. ಎರಡು ದಿನ ಬಿಟ್ಟು ಬರ್ತೀನಪ್ಪ ಅಂತ ಹೇಳಿ ನವನಗರದ ಮನೆಗೆ ಕಾರು ತಂದೆ.

ಇಜಿಆರ್ ಅನ್ನೋದು ಇಂಜಿನ್ ಬಿಡುವ ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಇಂಜಿನ್ನಿಗೇ ಕಳಿಸುತ್ತದೆ. ಒಳಗಿನ ಉರಿಯ ಬಿಸಿ ತಗ್ಗಿ ನೈಟ್ರೋಜನ್ ಆಕ್ಸೈಡ್ ಅನ್ನೋ ವಿಷಗಾಳಿ ಕಡಿಮೆ ಆಗುತ್ತದೆ. ವಾಲ್ವ್ ಎಷ್ಟು ತೆರೆದಿದೆ ಅಂತ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ತಿಳಿಸೋದು ಅದರ ಪೊಸಿಷನ್ ಸೆನ್ಸರ್. ಪಿ0405 ಅಂದರೆ ಆ ಸೆನ್ಸರಿನ ಸಿಗ್ನಲ್ ವೋಲ್ಟೇಜ್ ತೀರಾ ಕಡಿಮೆ ಬರ್ತಿದೆ ಅಂತ, ಅಷ್ಟೇ. ವಾಲ್ವ್ ಕೆಟ್ಟಿದೆ ಅಂತ ಅದು ಎಲ್ಲಿ ಹೇಳಿತು? ಮಸಿ ಕಟ್ಟಿ ಹೊಗೆ ಹರಿಯದಿದ್ದರೆ ಸಾಮಾನ್ಯವಾಗಿ ಬರೋದು ಪಿ0401.

ನನ್ನ ಕಾರಿನ ವಾಲ್ವಿಗೆ 5 ಪಿನ್. ಎರಡು ಮೋಟರಿಗೆ, ಮೂರು ಸೆನ್ಸರಿಗೆ. ಪಿನ್ನಿನ ಕ್ರಮ ಕಾರಿಂದ ಕಾರಿಗೆ ಬೇರೆ, ವೈರಿಂಗ್ ಚಿತ್ರ ನೋಡದೆ ಸುಮ್ನೆ ಮೀಟರ್ ಚುಚ್ಚಬೇಡಿ. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ ನೋಡಿದೆ: 5 ವೋಲ್ಟ್ ಸರಿಯಾಗಿ ಬರ್ತಿತ್ತು, ಅರ್ಥ್ ಕೂಡ ಚೆನ್ನಾಗಿತ್ತು. ಮತ್ತೆ ಕನೆಕ್ಟರ್ ಕೂರಿಸಿ ಹಿಂದಿನಿಂದ ಸಿಗ್ನಲ್ ಅಳೆದೆ. ವಾಲ್ವ್ ಮುಚ್ಚಿದ್ದಾಗಲೂ 1 ವೋಲ್ಟ್ ಹತ್ತಿರ ಇರಬೇಕಿತ್ತು, ಇದ್ದದ್ದು ಸೊನ್ನೆ. ಬ್ಯಾಟರಿಯ ಮೈನಸ್ ತೆಗೆದು, ವಾಲ್ವಿನ ಕಡೆ, ಇಸಿಯು ಕಡೆ ಎರಡೂ ಕನೆಕ್ಟರ್ ಬಿಚ್ಚಿ, ಸಿಗ್ನಲ್ ವೈರಿಗೂ ಬಾಡಿಗೂ ಮೀಟರ್ ಹಿಡಿದೆ. ಬೀಪ್! ಅಂದರೆ ಸಿಗ್ನಲ್ ವೈರು ಎಲ್ಲೋ ಬಾಡಿಗೆ ತಾಗಿತ್ತು. ವೈರಿನ ಕಟ್ಟನ್ನು ಅಲ್ಲಾಡಿಸಿದರೆ ಬೀಪ್ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಆಗ ನನಗೆ ಆದ ಖುಷಿ ಹೇಳತೀರದು.

ಇಂಜಿನ್ ಪಕ್ಕದ ಒಂದು ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ವೈರಿನ ಮೇಲಿನ ಪೈಪು ಸವೆದಿತ್ತು, ಒಳಗಿನ ವೈರಿನ ಸಿಪ್ಪೆ ಹೋಗಿ ತಾಮ್ರ ಹೊಳೀತಿತ್ತು. ಸುಮ್ನೆ ಟೇಪ್ ಸುತ್ತಲಿಲ್ಲ. ನಮ್ಮ ಕಡೆ ಬಿಸಿಲಿಗೆ, ಅದರ ಮೇಲೆ ಇಂಜಿನ್ ಬಿಸಿಗೆ, ಟೇಪಿನ ಅಂಟು ಕರಗಿ ಇಳಿದು ಬರುತ್ತದೆ. ಸವೆದ ತುಂಡು ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಹೊಸ ಪೈಪಿನಲ್ಲಿ ಸೇರಿಸಿ ಬ್ರಾಕೆಟ್ಟಿನಿಂದ ದೂರ ಕಟ್ಟಿದೆ.

ಕೈ ಹಾಕಿದ್ದೇ ಆಯ್ತಲ್ವಾ, ವಾಲ್ವ್ ಕೂಡ ಬಿಚ್ಚಿದೆ. ದಿನಾ ನವನಗರ, ಹಳೇ ಬಾಗಲಕೋಟೆ ಅಂತ ಸಣ್ಣ ಓಡಾಟವೇ ಜಾಸ್ತಿ, ಮಸಿ ಗಟ್ಟಿಯಾಗಿ ಕೂತಿತ್ತು. ಕಾರ್ಬ್ ಕ್ಲೀನರಿನಿಂದ ತೊಳೆದೆ, ಮೋಟರ್ ಮತ್ತು ಪಿನ್ ಕಡೆ ಒಂದು ಹನಿಯೂ ಹೋಗದಂತೆ. ಗ್ಯಾಸ್ಕೆಟ್ ಹೊಸದು ಹಾಕಿದೆ.

ಕೋಡ್ ಅಳಿಸಿ ಸ್ಟಾರ್ಟ್ ಮಾಡಿದಾಗ ಮುಚ್ಚಿದ ವಾಲ್ವ್ 0.9 ವೋಲ್ಟ್ ತೋರಿಸಿತು. ಗದ್ದನಕೇರಿ ಕ್ರಾಸ್‌ವರೆಗೂ ಹೋಗಿ ಬಂದೆ. ಪಿಕಪ್ ಮೊದಲಿನ ಹಾಗೇ ಇದೆ, ಲೈಟ್ ಇವತ್ತಿಗೂ ಹತ್ತಿಲ್ಲ.