ಗಟ್ಟಿ ಕೆಮ್ಮಣ್ಣಿಗೆ ತರಗೆಲೆಯ ಗೊಬ್ಬರ

ಬೆಂಗಳೂರು, ಕೋಲಾರದ ಕಡೆಯ ಕೆಮ್ಮಣ್ಣು ಮಳೆಯಲ್ಲಿ ಮೆತ್ತಗಾಗುತ್ತದೆ; ನಾಲ್ಕು ದಿನ ಬಿಸಿಲು ಕಾಯ್ದರೆ ಗುದ್ದಲಿಯೇ ಇಳಿಯುವುದಿಲ್ಲ. ಅದರಲ್ಲಿ ಸಾವಯವ ಅಂಶ ಕಡಿಮೆ. ಹೊಸ ಮನೆಯ ಹಿತ್ತಿಲಾದರೆ ಜಲ್ಲಿ, ಸಿಮೆಂಟ್ ಚೂರುಗಳೂ ಸೇರಿರುತ್ತವೆ. ಮೊದಲು ಅವನ್ನು ಆರಿಸಿ ತೆಗೆಯಿರಿ.

ಬೇಸಿಗೆಯ ಹೊಸ್ತಿಲಲ್ಲಿ ಹೊಂಗೆ ಮರ ಎಲೆ ಉದುರಿಸುತ್ತದೆ. ಅದನ್ನು ಗುಡಿಸಿ ಬೆಂಕಿ ಇಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮನೆಯ ಕಾಂಪೋಸ್ಟ್ ಹೆಚ್ಚಾಗಿ ಕೆಡುವುದು ಈ ತರಗೆಲೆಯ ಕೊರತೆಯಿಂದಲೇ. ಮೂಟೆ ಕಟ್ಟಿಡಿ, ವರ್ಷವಿಡೀ ಬೇಕಾಗುತ್ತದೆ.

ನೆರಳಿನಲ್ಲಿ ಇಟ್ಟಿಗೆಗಳನ್ನು ಸಂದು ಬಿಟ್ಟು ಜೋಡಿಸಿ, ಮೂರು ಅಡಿ ಅಗಲದ ತಳವಿಲ್ಲದ ತೊಟ್ಟಿ ಮಾಡಿ. ತಳಕ್ಕೆ ಒಂದು ಗೇಣು ತರಗೆಲೆ ಹಾಸಿ. ಆಮೇಲೆ ಒಂದು ಬಕೆಟ್ ತರಕಾರಿ ಸಿಪ್ಪೆಗೆ ಎರಡು ಮೂರು ಬಕೆಟ್ ತರಗೆಲೆಯಂತೆ ಪದರ ಪದರವಾಗಿ ತುಂಬಿ. ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ತೂಕದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಸಿಕ್ಕರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ನಡುನಡುವೆ ಸಗಣಿ ನೀರು ಚಿಮುಕಿಸಿ. ಮಾಂಸ, ಎಣ್ಣೆ ಪದಾರ್ಥ ಬೇಡ.

ವಾರಕ್ಕೊಮ್ಮೆ ಮಗುಚಿ, ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ನಾತ ಬಂದರೆ ತರಗೆಲೆ ಸೇರಿಸಿ. ಇರುವೆ ಮುತ್ತಿದರೆ ಒಣಗಿದೆ ಎಂದರ್ಥ, ನೀರು ಹಾಕಿ. ಮಳೆಗಾಲದಲ್ಲಿ ಮೇಲೆ ತಗಡು ಮುಚ್ಚಿ.

ಮೂರು ತಿಂಗಳ ಹೊತ್ತಿಗೆ ಅದು ಕಪ್ಪಗಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆತುರ ಬೇಡ. ಅರೆಕೊಳೆತ ಗೊಬ್ಬರ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಹಸಿ ಸಗಣಿಯನ್ನು ನೇರವಾಗಿ ಪಾತಿಗೆ ಹಾಕಿದರೆ ಬೇರು ತಿನ್ನುವ ಗೊಣ್ಣೆಹುಳು ಬರುತ್ತದೆ. ಜರಡಿ ಹಿಡಿದು, ಕರಗದ ಗೊರಟೆ, ಕಡ್ಡಿಗಳನ್ನು ಮತ್ತೆ ತೊಟ್ಟಿಗೆ ಹಾಕಿ.

ಪಾತಿಯ ಮೇಲೆ ಎರಡು ಅಂಗುಲ ಕಾಂಪೋಸ್ಟ್ ಹರಡಿ, ಚದರ ಮೀಟರಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ, ಮೇಲಿನ ಆರು ಅಂಗುಲ ಮಣ್ಣಿನಲ್ಲಿ ಬೆರೆಸಿ. ಮಣ್ಣು ಕೆಸರಾಗಿದ್ದಾಗ ಮಾತ್ರ ಅಗೆಯಬೇಡಿ, ಹೆಂಟೆ ಕಟ್ಟುತ್ತದೆ.

ಖಾಲಿ ಪಾತಿ ಇದ್ದರೆ ಮುಂಗಾರಿಗೆ ಹಸಿರೆಲೆ ಗೊಬ್ಬರದ ಗಿಡವಾದ ಅಪ್ಸೆಣಬು ಬಿತ್ತಿ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಕತ್ತರಿಸಿ ಮಣ್ಣಿಗೆ ಸೇರಿಸಿ. ಎರಡು ವಾರ ಕಳೆದ ಮೇಲೆ ಸಸಿ ನೆಡಿ.

ನೆಟ್ಟ ಸಸಿಯ ಸುತ್ತ, ಕಾಂಡಕ್ಕೆ ತಾಗದಂತೆ, ಮತ್ತದೇ ತರಗೆಲೆ ಹೊದಿಸಿ. ನಮ್ಮ ಬಿಸಿಲಿಗೆ ಮಣ್ಣಿನ ಸಾವಯವ ಅಂಶ ಬೇಗ ಕರಗುವುದರಿಂದ ಪ್ರತಿ ಬೆಳೆ ಮುಗಿದ ಮೇಲೂ ಒಂದು ಅಂಗುಲದಷ್ಟು ಕಾಂಪೋಸ್ಟ್ ಕೊಡಿ.