ಬೀಗ ಹಾಕಿದ ಮನೆಗೂ ಬಾಡಿಗೆ ಮನೆಗೂ ವಿಮೆ ಮಾಡಿಸುವ ಮುನ್ನ

ಮಾಲೀಕರೇ ವಾಸಿಸುವ ಮನೆಗೆಂದು ರೂಪಿಸಿದ ವಿಮಾ ಪಾಲಿಸಿಯು, ವರ್ಷದಲ್ಲಿ ಕೆಲವೇ ವಾರ ಬಳಸುವ ಮನೆಗೂ ಬಾಡಿಗೆಗೆ ಕೊಟ್ಟ ಮನೆಗೂ ಸಾಕಾಗುತ್ತದೆ ಎಂದು ಭಾವಿಸಬೇಡಿ. ಅನೇಕ ಪಾಲಿಸಿಗಳಲ್ಲಿ, ಮನೆ ಸತತವಾಗಿ 30 ಅಥವಾ 60 ದಿನ ಖಾಲಿ ಇದ್ದರೆ ಕಳ್ಳತನ, ನೀರಿನ ಸೋರಿಕೆ ಮುಂತಾದ ನಷ್ಟಗಳಿಗೆ ರಕ್ಷಣೆ ಮೊಟಕಾಗುವ ಷರತ್ತು ಇರುತ್ತದೆ. ಪೈಪ್ ಒಡೆದು ವಾರಗಟ್ಟಲೆ ನೀರು ಹರಿದರೂ ನೋಡುವವರಿಲ್ಲದ ಮನೆಗೆ ಇದೇ ದೊಡ್ಡ ಅಪಾಯವಾದ್ದರಿಂದ, ಪ್ರೀಮಿಯಂ ಎಷ್ಟೆಂದು ಕೇಳುವ ಮೊದಲೇ ಆ ಸಾಲನ್ನು ಹುಡುಕಿ ಓದಿ. ಅತಿಥಿಗಳಿಗೆ ದಿನಬಾಡಿಗೆಗೆ ಕೊಡುವುದಿದ್ದರೆ ಅರ್ಜಿಯಲ್ಲೇ ತಿಳಿಸಿ, ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು. ವಿಮಾ ಮೊತ್ತವನ್ನು ನಿವೇಶನದ ಬೆಲೆ ಬಿಟ್ಟು, ಕಟ್ಟಡವನ್ನು ಮತ್ತೆ ಕಟ್ಟುವ ವೆಚ್ಚದ ಆಧಾರದಲ್ಲಿ ನಿಗದಿಪಡಿಸಿ. ಬಾಡಿಗೆದಾರರ ಸಾಮಾನುಗಳು ಸಾಮಾನ್ಯವಾಗಿ ನಿಮ್ಮ ಪಾಲಿಸಿಗೆ ಸೇರುವುದಿಲ್ಲವೆಂಬುದನ್ನು ಅವರಿಗೂ ಮೊದಲೇ ಹೇಳಿಬಿಡಿ.